ಬಾಗಿಲು ಹಾಕಿಕೊಂಡ ಮೇಲೆ ಸಿಟ್ಟು ಯಾರ ಮೇಲೆ?

2020ರ ಏಪ್ರಿಲ್. ವಿಜಯನಗರದ ಒಂದು ಮನೆಯ ಮೊದಲನೇ ಮಹಡಿಯಲ್ಲಿ ನಾವು ಮೂರು ಜನ ಇದ್ದೆವು. ಒಂದು ರೂಮು, ಒಂದು ಹಾಲು, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದ ಅಡುಗೆಮನೆ. ಲಾಕ್‌ಡೌನಿನ ಮೊದಲ ವಾರ ಮಜವಾಗಿಯೇ ಇತ್ತು. ಚಿತ್ರಾನ್ನ, ಇಸ್ಪೀಟು, ಮಧ್ಯಾಹ್ನದ ನಿದ್ದೆ. ಮೂರನೇ ವಾರದ ಹೊತ್ತಿಗೆ ನಮ್ಮಲ್ಲೊಬ್ಬ ಕಾಫಿ ಕುಡಿಯುವ ಸದ್ದು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಸೊರ್ ಅಂತ ಹೀರೋದು, ಆಮೇಲೆ "ಹಾ..." ಅಂತ ಒಂದು ಉಸಿರು. ದಿನಕ್ಕೆ ನಾಲ್ಕು ಸಲ. ಅವನಿಗೂ ನನ್ನ ಮೇಲೆ ಇಂಥದ್ದೇ ಒಂದು ಇತ್ತು ಅಂತ ಆಮೇಲೆ ಗೊತ್ತಾಯಿತು. ನಾನು ಕುಕ್ಕರಿನ ಗ್ಯಾಸ್ಕೆಟ್ ತೊಳೆಯದೆ ಹಾಗೇ ಇಡುತ್ತಿದ್ದೆನಂತೆ.

ಆದರೆ ನಾವು ಒಬ್ಬರಿಗೊಬ್ಬರು ಏನೂ ಅಂದುಕೊಳ್ಳಲಿಲ್ಲ. ಬೈದಿದ್ದೆಲ್ಲ ಕೆಳಗಿನ ಮನೆಯ ಓನರ್ ಅಂಕಲ್‌ಗೆ. ಬೆಳಗ್ಗೆ ಮೋಟರ್ ಹಾಕಿ ಹತ್ತೇ ನಿಮಿಷಕ್ಕೆ ಆಫ್ ಮಾಡುತ್ತಿದ್ದರು. ಟ್ಯಾಂಕು ತುಂಬುತ್ತಿರಲಿಲ್ಲ. "ಬೇಕು ಅಂತಾನೇ ಮಾಡ್ತಿದಾರೆ ಕಣೋ ಮಗಾ" ಅಂತ ಒಬ್ಬ ಶುರು ಮಾಡಿದರೆ ಮೂವರೂ ಅರ್ಧ ಗಂಟೆ ಸೇರಿ ಬೈಯುತ್ತಿದ್ದೆವು. ಆಗ ನಾವು ಮೂವರೂ ಒಂದೇ. ಯುಗಾದಿ ದಿನವೇ ಲಾಕ್‌ಡೌನ್ ಶುರುವಾಗಿದ್ದು. ಅವತ್ತು ಅದೇ ಮನುಷ್ಯ ಒಬ್ಬಟ್ಟು ಕಳಿಸಿದ್ದರು. ಅದು ಯಾರಿಗೂ ನೆನಪಿಗೆ ಬರಲಿಲ್ಲ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತೀವಲ್ಲ, ಅದೇ. ತಮಾಷೆ ಏನಂದ್ರೆ, ಬಾಹ್ಯಾಕಾಶದಲ್ಲಿ ಇರುವವರ ಮನಸ್ಸನ್ನು ಅಧ್ಯಯನ ಮಾಡಿದವರಿಗೂ ಕಂಡಿದ್ದು ಇದೇ ಗಾದೆ. ಅಮೆರಿಕದ ಮನೋವೈದ್ಯ ನಿಕ್ ಕೆನಸ್ ಮತ್ತು ಅವರ ತಂಡ 1990ರ ದಶಕದಲ್ಲಿ ರಷ್ಯದ ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ 13 ಗಗನಯಾತ್ರಿಗಳ ಜೊತೆಗೆ ನೆಲದ ಮೇಲಿನ ಕಂಟ್ರೋಲ್ ರೂಮಿನ 58 ಜನರಿಗೂ ವಾರವಾರ ಪ್ರಶ್ನೆಪತ್ರಿಕೆ ತುಂಬಿಸಿತು. ಒಳಗಿನ ಇರಿಸುಮುರಿಸನ್ನು ಗಗನಯಾತ್ರಿಗಳು ಕಂಟ್ರೋಲ್ ರೂಮಿನವರ ಮೇಲೆ ಹಾಕುತ್ತಿದ್ದರು. ಕಂಟ್ರೋಲ್ ರೂಮಿನವರು ತಮ್ಮದನ್ನು ತಮ್ಮ ಮೇಲಿನವರ ಮೇಲೆ ಹಾಕುತ್ತಿದ್ದರು. ಕೊತ್ತಿಗೂ ಒಂದು ಕೊತ್ತಿ ಇತ್ತು.

ಈ ಸಂಗತಿ ಈಗ ಬೆಂಗಳೂರಿಗೆ ಮುಖ್ಯ. ಭಾರತೀಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಇಸ್ರೋದ ಗಗನಯಾನಕ್ಕೆ ಗಗನಯಾತ್ರಿಗಳು ತಯಾರಾಗುತ್ತಿರುವುದು ಇಲ್ಲಿ. ಅವರ ಜೊತೆ ಮಾತಾಡುವ ಕಂಟ್ರೋಲ್ ರೂಮು ಇರುವುದೂ ಇಲ್ಲೇ, ಪೀಣ್ಯದ ಕಡೆ. ಡಬ್ಬದೊಳಗೆ ಕೂರುವವರ ಮನಸ್ಸಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೊರಗೆ ಕೂರುವವರ ಬಗ್ಗೆ ಕೇಳುವವರು ಕಡಿಮೆ. ನನ್ನ ತಕರಾರು ಇರೋದು ಅಲ್ಲಿ.

ಮೊದಲು ಡಬ್ಬದ ಕಥೆ ನೋಡೋಣ.

2010ರ ಜೂನ್ 3ರಂದು ಮಾಸ್ಕೋದ ಒಂದು ಸಂಶೋಧನಾ ಸಂಸ್ಥೆಯ ಕಟ್ಟಡದೊಳಗೆ, ಕಿಟಕಿ ಇಲ್ಲದ ಉದ್ದುದ್ದ ಡಬ್ಬಗಳೊಳಗೆ ಆರು ಗಂಡಸರು ಹೋದರು. ಮೂವರು ರಷ್ಯನ್ನರು, ಒಬ್ಬ ಫ್ರೆಂಚ್, ಒಬ್ಬ ಇಟಲಿಯವ, ಒಬ್ಬ ಚೀನಾದವ. ಬಾಗಿಲು ತೆರೆದದ್ದು 2011ರ ನವೆಂಬರ್ 4ರಂದು. ಒಟ್ಟು 520 ದಿನ. ಹೆಸರು ಮಾರ್ಸ್-500. ಮಂಗಳಕ್ಕೆ ಹೋಗಿ ಬರುವ ನಾಟಕ ಅದು. ಮಧ್ಯೆ 2011ರ ಫೆಬ್ರವರಿಯಲ್ಲಿ ಮೂವರು ಪಕ್ಕದ ಮರಳಿನ ಕೋಣೆಗೆ 'ಇಳಿದರು', ಬಾಹ್ಯಾಕಾಶದ ಉಡುಪು ಹಾಕಿಕೊಂಡು ಓಡಾಡಿದರು, ಹತ್ತಿಕೊಂಡು ವಾಪಸ್ ಬಂದರು. ಕೇಳೋಕೆ ಮಕ್ಕಳಾಟದ ಹಾಗಿದೆ, ಅಲ್ವಾ? ಆದರೆ ಅವರ ಕೈಗೆ ಕಟ್ಟಿದ್ದ ಸಾಧನಗಳು ಹಗಲುರಾತ್ರಿ ಎಣಿಸಿದ ಚಲನೆ ಸುಳ್ಳಲ್ಲ.

ದಿನ ಕಳೆದಂತೆ ಅವರ ಓಡಾಟ ಕಡಿಮೆಯಾಯಿತು. ಮಲಗೋದು ಜಾಸ್ತಿಯಾಯಿತು. ಚುಚ್ಚುವ ಬೆಳಕಿಲ್ಲ, ಬಿಸಿಲಿಲ್ಲ, ನಾಳೆ ಅನ್ನೋದು ನಿನ್ನೆಯ ಹಾಗೇ. ಮೈ ತಾನಾಗಿಯೇ ಜಡವಾಯಿತು. ಒಬ್ಬನ ಒಳಗಿನ ಗಡಿಯಾರ ಸುಮಾರು 25 ಗಂಟೆಗೆ ಜಾರಿತು. ಅಂದರೆ ಅವನ ರಾತ್ರಿ ದಿನಾ ಒಂದಿಷ್ಟು ಮುಂದಕ್ಕೆ ಹೋಗುತ್ತಿತ್ತು. ಉಳಿದವರ ಬೆಳಗ್ಗೆ ಅವನಿಗೆ ನಡುರಾತ್ರಿ. ಕೆಲವು ವಾರಗಳಾದ ಮೇಲೆ ಮತ್ತೆ ಕೂಡಿಕೊಳ್ಳುತ್ತಿತ್ತು, ಮತ್ತೆ ಜಾರುತ್ತಿತ್ತು. ಜಗಳ ಇಲ್ಲ, ಮುನಿಸಿಲ್ಲ. ಆದರೂ ಆರು ಜನರಿರುವ ಡಬ್ಬದೊಳಗೆ ಅವನೊಬ್ಬನೇ ಬೇರೆ ಟೈಮಿನಲ್ಲಿ ಬದುಕುತ್ತಿದ್ದ. ನೈಟ್ ಶಿಫ್ಟ್ ಮಾಡಿ ಬಂದು ಮಲಗುವವನನ್ನು ಮನೆಯಲ್ಲಿ ಯಾರೂ ದೂರ ಮಾಡಿರುವುದಿಲ್ಲ, ಆದರೆ ಹಬ್ಬದ ಫೋಟೋಗಳಲ್ಲಿ ಅವನು ಇರೋದಿಲ್ಲ. ಹಾಗೆ.

ಇನ್ನೊಬ್ಬನಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚುಕಮ್ಮಿ ಎಲ್ಲ ವಾರವೂ ಕಂಡವು. 93 ಪರ್ಸೆಂಟ್ ವಾರಗಳಲ್ಲಿ. ಒಳಗೆ ಆದ ಕಿರಿಕಿರಿಗಳಲ್ಲಿ 85 ಪರ್ಸೆಂಟ್ ವರದಿ ಮಾಡಿದ್ದು ಇಬ್ಬರೇ. ಹೆಚ್ಚು ಸುಸ್ತು, ಹೆಚ್ಚು ಒತ್ತಡ ಇದ್ದಿದ್ದೂ ಆ ಇಬ್ಬರಿಗೇ. ಮಿಕ್ಕವರಲ್ಲಿ ಇಬ್ಬರಿಗೆ ಅದೇ ಡಬ್ಬದಲ್ಲಿ ಅಷ್ಟೇನೂ ತೊಂದರೆಯಾಗಲಿಲ್ಲ. ಒಂದೇ ಮನೆ, ಒಂದೇ ಊಟ, ಆರು ಬೇರೆ ಬೇರೆ ಅನುಭವ. 'ತಂಡದ ಮನಸ್ಥಿತಿ ಚೆನ್ನಾಗಿತ್ತು' ಅನ್ನುವ ಸರಾಸರಿ ಲೆಕ್ಕ ಎಷ್ಟು ಮೋಸದ್ದು ಅಂತ ಇಲ್ಲಿ ಗೊತ್ತಾಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಬೇರೆ ಒಂದು ಅಂಕಿ. ತಮ್ಮತಮ್ಮೊಳಗಿನ ಜಗಳಕ್ಕಿಂತ ಕಂಟ್ರೋಲ್ ರೂಮಿನ ಜೊತೆಗಿನ ಜಗಳವನ್ನು ಅವರು ಐದು ಪಟ್ಟು ಜಾಸ್ತಿ ದಾಖಲಿಸಿದ್ದರು. ಐದು ಪಟ್ಟು! ನಮ್ಮ ವಿಜಯನಗರದ ಲೆಕ್ಕ ತೆಗೆದಿದ್ದರೆ ಇನ್ನೂ ಮೇಲೇ ಇರುತ್ತಿತ್ತೇನೋ.

ಇಂಥ ಅಣಕು ಯಾನಗಳು ಬೇರೆ ಕಡೆಯೂ ನಡೆದಿವೆ. ಜಾಗದ ಅಳತೆಯನ್ನು ಬೆಂಗಳೂರಿನ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಹವಾಯಿಯ ಮೌನಾ ಲೋವಾ ಜ್ವಾಲಾಮುಖಿಯ ಇಳಿಜಾರಿನಲ್ಲಿ ಹೈ-ಸೀಸ್ ಅಂತ ಒಂದು ಬಿಳಿ ಗುಮ್ಮಟವಿದೆ. ನೆಲದ ಅಳತೆ ಸುಮಾರು 1,200 ಚದರಡಿ. ಥೇಟ್ ತರ್ಟಿ ಫಾರ್ಟಿ ಸೈಟು. ಅದರೊಳಗೆ ಆರು ಜನ 2015ರ ಆಗಸ್ಟಿನಿಂದ 2016ರ ಆಗಸ್ಟ್‌ವರೆಗೆ ಒಂದು ವರ್ಷ ಇದ್ದರು. ಹೊರಗೆ ಕಾಲಿಡಬೇಕಾದರೆ ಬಾಹ್ಯಾಕಾಶದ ಉಡುಪು ಹಾಕಲೇಬೇಕು. ಹ್ಯೂಸ್ಟನ್‌ನಲ್ಲಿ ನಾಸಾ ತ್ರೀಡಿ ಪ್ರಿಂಟರಿನಿಂದ ಕಟ್ಟಿಸಿದ ಮಂಗಳದ ಮನೆ 1,700 ಚದರಡಿ, ನಾಲ್ಕು ಜನಕ್ಕೆ. ನಮ್ಮ ಲೆಕ್ಕದಲ್ಲಿ ದೊಡ್ಡ ತ್ರೀ ಬಿಎಚ್‌ಕೆ. ಮೊದಲ ತಂಡ 2023ರ ಜೂನ್ 25ಕ್ಕೆ ಒಳಹೋಗಿ 378 ದಿನ ಕಳೆದು 2024ರ ಜುಲೈ 6ಕ್ಕೆ ಹೊರಬಂತು. ಎರಡನೇ ತಂಡ 2025ರ ಅಕ್ಟೋಬರ್‌ನಲ್ಲಿ ಒಳಹೋಯಿತು, ಅಷ್ಟೇ ದಿನಗಳ ಲೆಕ್ಕದಲ್ಲಿ.

ಜಾಗ ಸಾಲದು ಅನ್ನೋದು ಇಲ್ಲಿ ದೊಡ್ಡ ಕಷ್ಟವಲ್ಲ. ಸಿಂಗಲ್ ರೂಮಿನಲ್ಲಿ ಆರು ಜನ ಇರುವ ಮನೆಗಳು ನಮ್ಮ ಊರಲ್ಲೇ ಬೇಕಾದಷ್ಟಿವೆ. ಅವರಿಗೆ ಬೀದಿ ಇದೆ, ಅಂಗಡಿ ಇದೆ, ಎದುರು ಮನೆಯ ಆಂಟಿ ಇದ್ದಾರೆ. ಇಲ್ಲಿ ಇರೋದು ಅದೇ ನಾಲ್ಕು ಮುಖ. ಹೊರಗಿನ ಲೋಕದ ಜೊತೆಗೆ ಉಳಿದಿರುವುದು ತಡವಾಗಿ ಬರುವ ಒಂದು ಮೆಸೇಜು ಮಾತ್ರ.

ಈ ತಡ ಅನ್ನೋದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮಂಗಳ ಹತ್ತಿರ ಇದ್ದಾಗ ಒಂದು ಸಂದೇಶ ಅಲ್ಲಿಂದ ಇಲ್ಲಿಗೆ ಬರಲು 3 ನಿಮಿಷ ಬೇಕು, ದೂರ ಇದ್ದಾಗ 22 ನಿಮಿಷ. ಬೆಂಗಳೂರಿಗೆ ಇದು ಹೊಸದಲ್ಲ. 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಮಂಗಳಯಾನ ಕಕ್ಷೆಗೆ ಸೇರುವಾಗ ಇಲ್ಲಿನ ಕಂಟ್ರೋಲ್ ರೂಮು ಸುಮಾರು 12 ನಿಮಿಷ ಹಿಂದಿನ ಸುದ್ದಿಯನ್ನೇ ನೋಡುತ್ತಿತ್ತು. ಆದರೆ ಆ ಕಡೆ ಇದ್ದದ್ದು ಯಂತ್ರ. ಯಂತ್ರಕ್ಕೆ ಬೇಜಾರಿಲ್ಲ.

ಈಗ ಆ ಕಡೆ ಮನುಷ್ಯ ಇದ್ದಾನೆ ಅಂದುಕೊಳ್ಳಿ. ಬೆಳಗ್ಗೆ 10 ಗಂಟೆ. "ನೀರಿನ ಪೈಪಿನ ಜಾಯಿಂಟ್ ಸೋರ್ತಿದೆ, ಏನು ಮಾಡಲಿ?" ಅಂತ ಕೇಳುತ್ತಾನೆ. 10:22ಕ್ಕೆ ಅದು ಭೂಮಿಗೆ ಮುಟ್ಟುತ್ತದೆ. ಇಲ್ಲಿನವರು ಡ್ರಾಯಿಂಗ್ ತೆಗೆದು, ತಲೆಕೆಡಿಸಿಕೊಂಡು, 10:30ಕ್ಕೆ ಕೇಳುತ್ತಾರೆ: "ಯಾವ ಜಾಯಿಂಟ್? ಫೋಟೋ ಕಳಿಸಿ." ಅದು ಅವನಿಗೆ ಸಿಗುವುದು 10:52ಕ್ಕೆ. ಅಷ್ಟೊತ್ತಿಗೆ ಅವನು ಬಟ್ಟೆ ಸುತ್ತಿ, ಟೇಪು ಹಾಕಿ, ನೆಲ ಒರೆಸಿ, ಕೈ ತೊಳೆದುಕೊಂಡು ಕೂತಿರುತ್ತಾನೆ. ಆ ಮೆಸೇಜು ಓದಿದಾಗ ಅವನ ಬಾಯಲ್ಲಿ ಏನು ಬರುತ್ತದೆ ಅಂತ ನಾನು ಬರೆಯಬೇಕಾಗಿಲ್ಲ. ಇತ್ತ ಕಂಟ್ರೋಲ್ ರೂಮಿನ ಹುಡುಗಿಗೂ ಸಿಟ್ಟು. ಅವಳು ಊಟ ಬಿಟ್ಟು ಕೂತಿದ್ದಾಳೆ. "ಕೇಳದೇ ಟೇಪು ಹಾಕಿದ್ದು ಯಾಕೆ?" ಇಬ್ಬರದ್ದೂ ತಪ್ಪಿಲ್ಲ. ಬೆಳಕಿನ ವೇಗಕ್ಕೆ ಮಾತ್ರ ಯಾರೂ ಬೈಯಲ್ಲ.

ಅದಕ್ಕೇ ದೂರದ ಯಾನಗಳಲ್ಲಿ ನಿರ್ಧಾರದ ಅಧಿಕಾರವನ್ನು ಹೆಚ್ಚುಹೆಚ್ಚಾಗಿ ಯಾತ್ರಿಗಳಿಗೇ ಬಿಡಬೇಕು ಅನ್ನುವ ಮಾತಿದೆ. ಹೇಳೋದು ಸುಲಭ. ಪ್ರತಿ ಬಟನ್ನಿಗೂ ನೆಲದಿಂದ ಒಪ್ಪಿಗೆ ಕೇಳಿ ಅಭ್ಯಾಸವಾದವರಿಗೆ, ಒಪ್ಪಿಗೆ ಕೊಟ್ಟು ಅಭ್ಯಾಸವಾದವರಿಗೆ, ಅದು ಒಂದು ದಿನದಲ್ಲಿ ಬರುವ ಬುದ್ಧಿಯಲ್ಲ.

ಊಟದ ವಿಷಯ ಸುಮ್ನೆ ಒಂದು ಮಾತು. ಹೈ-ಸೀಸ್‌ನಲ್ಲಿ 2013ರಲ್ಲಿ ನಡೆದ ಮೊದಲ ಯಾನದ ಮುಖ್ಯ ಪ್ರಶ್ನೆಯೇ ಊಟ. ನಾಲ್ಕು ತಿಂಗಳು ಒಣ ಸಾಮಾನು ಇಟ್ಟುಕೊಂಡು ತಾವೇ ಅಡುಗೆ ಮಾಡೋದಕ್ಕೂ ಪ್ಯಾಕೆಟ್ ಹರಿದು ತಿನ್ನೋದಕ್ಕೂ ಏನು ವ್ಯತ್ಯಾಸ ಅಂತ ನೋಡಿದರು. ಒಂದೇ ಥರದ ಊಟ ತಿಂದು ತಿಂದು ಬಾಯಿ ಕೆಟ್ಟವರು ಕಡಿಮೆ ತಿನ್ನುತ್ತಾರೆ, ತೂಕ ಇಳಿಯುತ್ತದೆ. ಗಗನಯಾನಕ್ಕೆ ಊಟ ತಯಾರು ಮಾಡುತ್ತಿರುವುದು ಮೈಸೂರಿನ ರಕ್ಷಣಾ ಪ್ರಯೋಗಾಲಯ. 2025ರಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋದಾಗ ಕ್ಯಾರೆಟ್ ಹಲ್ವಾ ಒಯ್ದಿದ್ದರು, ಅಲ್ಲಿದ್ದವರಿಗೂ ಹಂಚಿದರು. ಹಂಚೋದಕ್ಕೆ ಏನಾದರೂ ಇರಬೇಕು. ಅದು ಹೊಟ್ಟೆಯ ವಿಷಯ ಮಾತ್ರ ಅಲ್ಲ.

ಎಲ್ಲವೂ ಇಷ್ಟು ಸಾಧುವಾಗಿ ನಡೆದಿದೆ ಅಂದುಕೊಳ್ಳಬೇಡಿ. ಮಾಸ್ಕೋದ ಅದೇ ಸಂಸ್ಥೆಯಲ್ಲಿ 1999-2000ರಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಹೊಸ ವರ್ಷದ ಪಾರ್ಟಿಯಲ್ಲಿ ಇಬ್ಬರು ರಷ್ಯನ್ನರು ರಕ್ತ ಬರುವ ಹಾಗೆ ಹೊಡೆದಾಡಿದರು. ಕೆನಡಾದ ಒಬ್ಬ ಸಂಶೋಧಕಿಗೆ ತಂಡದ ಹಿರಿಯ ಬಲವಂತವಾಗಿ ಮುತ್ತಿಡಲು ಹೋದ. ಜಪಾನಿನವರೊಬ್ಬರು ಬಿಟ್ಟು ಹೊರನಡೆದರು. ನನಗೆ ಬೇಸರ ತರಿಸೋದು ಆಮೇಲಿನದು. ಹೊರಗಿದ್ದವರು ಅದನ್ನು ಸಂಸ್ಕೃತಿಗಳ ನಡುವಿನ ವ್ಯತ್ಯಾಸ ಅಂತ ಹೇಳಿ ಸಣ್ಣದು ಮಾಡಿದರು. ಒಳಗೆ ಸಹಾಯ ಬೇಕು ಅಂತ ಕೇಳಿದವಳಿಗೆ ಹೊರಗಿನಿಂದ ಬಂದ ಉತ್ತರ ಅದು. ಇಲ್ಲೂ ಪರೀಕ್ಷೆಯಲ್ಲಿ ಫೇಲಾಗಿದ್ದು ಒಳಗಿನವರು ಮಾತ್ರ ಅಲ್ಲ.

ಹಾಗಾದರೆ ಈ ಪ್ರಯೋಗಗಳನ್ನು ಎಷ್ಟು ನಂಬಬೇಕು? ಪೂರ್ತಿ ಅಲ್ಲ. ಒಂದು, ಜನ ತುಂಬಾ ಕಡಿಮೆ. ಆರು ಜನರ 85 ಪರ್ಸೆಂಟ್ ಅನ್ನೋದು ಕೇಳಲು ಗಟ್ಟಿ, ಆದರೆ ಅದು ಇಬ್ಬರ ಕಥೆ. ತೂಕವಿಲ್ಲದ ಸ್ಥಿತಿ ಇಲ್ಲ, ವಿಕಿರಣ ಇಲ್ಲ, ಭೂಮಿ ಒಂದು ಚುಕ್ಕಿಯಾಗಿ ಕಾಣುವ ಭಯವೂ ಇಲ್ಲ. ದೊಡ್ಡ ಕೊರತೆ ಬಾಗಿಲಿನದು. ತೀರಾ ಆಗಲ್ಲ ಅಂದರೆ ಎದ್ದು ಹೋಗಬಹುದು ಅಂತ ಒಳಗಿದ್ದವರಿಗೆ ಗೊತ್ತು. 2018ರ ಫೆಬ್ರವರಿಯಲ್ಲಿ ಹೈ-ಸೀಸ್‌ನ ಒಂದು ತಂಡದವರೊಬ್ಬರಿಗೆ ಕರೆಂಟ್ ಶಾಕ್ ಹೊಡೆಯಿತು. ಆಸ್ಪತ್ರೆಗೆ ಸೇರಿಸಿದರು, ನಾಲ್ಕೇ ದಿನಕ್ಕೆ ಆ ಯಾನ ಮುಗಿಯಿತು. ಸರಿಯಾದದ್ದನ್ನೇ ಮಾಡಿದರು. ಆದರೆ ಮಂಗಳದಲ್ಲಿ ಆಂಬ್ಯುಲೆನ್ಸ್ ಬರಲ್ಲ.

ಈ ವಿಷಯದಲ್ಲಿ ಅಂಟಾರ್ಕ್ಟಿಕಾ ಹೆಚ್ಚು ಪ್ರಾಮಾಣಿಕ. ಚಳಿಗಾಲ ಕೂತಮೇಲೆ ಅಲ್ಲಿಂದ ಹೊರಬರೋದು ನಿಜಕ್ಕೂ ಕಷ್ಟ. ಸೂರ್ಯ ತಿಂಗಳುಗಟ್ಟಲೆ ಹುಟ್ಟುವುದಿಲ್ಲ. ಜರ್ಮನಿಯ ನೆಲೆಯಲ್ಲಿ 14 ತಿಂಗಳು ಕಳೆದ 9 ಜನರ ಮೆದುಳಿನ ಸ್ಕ್ಯಾನ್ ವರದಿ 2019ರಲ್ಲಿ ಪ್ರಕಟವಾಯಿತು. ಹೊಸ ನೆನಪುಗಳನ್ನು ಕಟ್ಟಲು ಬೇಕಾದ ಒಂದು ಸಣ್ಣ ಭಾಗ ಅವರಲ್ಲಿ ಸರಾಸರಿ ಸುಮಾರು 7 ಪರ್ಸೆಂಟ್ ಕುಗ್ಗಿತ್ತು. ಇದೂ ಒಂಬತ್ತೇ ಜನ, ಅದನ್ನು ಮರೆಯಬಾರದು. ನಮ್ಮ ದೇಶಕ್ಕೂ ಅಲ್ಲಿ ಮೈತ್ರಿ, ಭಾರತಿ ಅಂತ ಎರಡು ನೆಲೆಗಳಿವೆ. ಮೂರು ದಶಕಕ್ಕೂ ಹೆಚ್ಚು ಕಾಲದಿಂದ ಮೈತ್ರಿಯಲ್ಲಿ ವರ್ಷವರ್ಷ ನಮ್ಮವರು ಚಳಿಗಾಲ ಕಳೆಯುತ್ತಿದ್ದಾರೆ. ಅಡುಗೆಯವರು, ಡಾಕ್ಟರು, ಜನರೇಟರ್ ನೋಡಿಕೊಳ್ಳುವವರು, ವಿಜ್ಞಾನಿಗಳು, ಬೇರೆ ಬೇರೆ ರಾಜ್ಯದವರು ಒಂದೇ ಸೂರಿನಡಿ. ಭಾರತೀಯರು ಬಾಗಿಲು ಹಾಕಿಕೊಂಡು ಹೇಗೆ ಬದುಕುತ್ತಾರೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಣಜ ಎಲ್ಲಿದೆ?

ಈಗ ನಮ್ಮ ಊರಿನ ಕಡೆ ಬರೋಣ. ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ಎಚ್‌ಎಎಲ್ ದಾಟಿ ಹೋಗುವಾಗ ವಿಮಾನಪುರದಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. 1957ರಿಂದ ಇದೆ. ಗಗನಯಾತ್ರಿಗಳ ಆಯ್ಕೆಯ ಪರೀಕ್ಷೆಗಳು ನಡೆದದ್ದು ಅಲ್ಲೇ. 2025ರ ಜುಲೈನಲ್ಲಿ ಇಸ್ರೋ ಜೊತೆ ಸೇರಿ ಅಲ್ಲಿ 'ಅನುಗಾಮಿ' ಅನ್ನುವ ಅಣಕು ಯಾನ ನಡೆಯಿತು. ಗಗನಯಾನಕ್ಕೆ ಆಯ್ಕೆಯಾದ ನಾಲ್ವರಲ್ಲಿ ಒಬ್ಬರಾದ ಅಂಗದ್ ಪ್ರತಾಪ್ ಮತ್ತು ಇನ್ನಿಬ್ಬರು 10 ದಿನ ಒಳಗಿದ್ದರು. ಮರುತಿಂಗಳೇ ಲಡಾಖಿನ ಸೋ ಕಾರ್ ಕಣಿವೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 'ಹೋಪ್' ಅನ್ನುವ ನೆಲೆಯಲ್ಲಿ ಇಬ್ಬರು 10 ದಿನ ಕಳೆದರು. ಆ ನೆಲೆಯನ್ನು ಕಟ್ಟಿದ್ದು ಬೆಂಗಳೂರಿನದೇ ಒಂದು ಕಂಪನಿ, ಪ್ರೋಟೋಪ್ಲಾನೆಟ್. ಮಲಗಿ ಏಳುವ ಗೂಡಿನ ಅಡ್ಡಳತೆ 8 ಮೀಟರ್. ಲೆಕ್ಕ ಹಾಕಿದರೆ ಟ್ವೆಂಟಿ ತರ್ಟಿ ಸೈಟಿಗಿಂತ ಒಂಚೂರು ಕಡಿಮೆ.

ಒಳ್ಳೆಯ ಶುರು. ಆದರೆ ಹತ್ತು ದಿನ ಅನ್ನೋದು ನಮ್ಮ ಚಿತ್ರಾನ್ನ-ಇಸ್ಪೀಟಿನ ವಾರ. ಆ ಅವಧಿಯಲ್ಲಿ ಎಲ್ಲರೂ ಒಳ್ಳೆಯವರೇ. ಕಾಫಿ ಸದ್ದು ಕಿವಿಗೆ ಬೀಳೋದು ಆಮೇಲೆ. ಗಗನಯಾನಕ್ಕೆ ಇದು ಸಾಕು, ಯಾಕಂದ್ರೆ ಅದು ಹೆಚ್ಚೆಂದರೆ ಮೂರು ದಿನದ ಯಾತ್ರೆ. ಆದರೆ 2035ಕ್ಕೆ ಸ್ವಂತ ಬಾಹ್ಯಾಕಾಶ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ ಅಂತ ಗುರಿ ಇಟ್ಟುಕೊಂಡಿದ್ದೇವೆ. ನಿಲ್ದಾಣ ಅಂದಮೇಲೆ ತಿಂಗಳುಗಟ್ಟಲೆ ಇರಬೇಕು. ಒಮ್ಮೊಮ್ಮೆ ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ 2024ರ ಜೂನ್‌ನಲ್ಲಿ ಹೋಗಿದ್ದು ಸುಮಾರು ಎಂಟು ದಿನಕ್ಕೆ. ವಾಪಸ್ ಬಂದಿದ್ದು 286 ದಿನಕ್ಕೆ.

ಇಲ್ಲೊಂದು ನಮ್ಮದೇ ಗಂಟು ಇದೆ. ಈಗಿನ ನಾಲ್ವರೂ ವಾಯುಪಡೆಯ ಟೆಸ್ಟ್ ಪೈಲಟ್‌ಗಳು. ಒಂದೇ ಶಿಸ್ತು, ಒಂದೇ ಭಾಷೆ, ಯಾರು ಯಾರಿಗೆ ಸೀನಿಯರ್ ಅಂತ ಕೇಳದೇ ಗೊತ್ತು. ನಿಲ್ದಾಣಕ್ಕೆ ಹೋಗುವವರಲ್ಲಿ ವಿಜ್ಞಾನಿಗಳು, ಎಂಜಿನಿಯರ್‌ಗಳು, ಹೆಣ್ಣುಮಕ್ಕಳು ಇರಲೇಬೇಕು. ಆಗ 'ಸಾರ್' ಅನ್ನುವ ಪದ ಏನು ಮಾಡುತ್ತದೆ? ನಮ್ಮ ಆಫೀಸುಗಳಲ್ಲಿ ಜೂನಿಯರ್‌ಗೆ ತಪ್ಪು ಕಂಡರೂ "ನೋಡೋಣ ಸಾರ್" ಅಂದು ಸುಮ್ಮನಾಗುತ್ತಾನೆ. ಪ್ರಶ್ನೆಪತ್ರಿಕೆಯಲ್ಲಿ 'ನಿಮ್ಮ ಕಮಾಂಡರ್ ಜೊತೆ ಮನಸ್ತಾಪ ಇತ್ತೇ?' ಅಂತ ಕೇಳಿದರೆ 'ಇಲ್ಲ' ಅಂತಲೇ ಬರೆಯುತ್ತಾನೆ. ರಷ್ಯದ, ಅಮೆರಿಕದ ಪ್ರಯೋಗಗಳ ಫಲಿತಾಂಶವನ್ನು ಹಾಗೇ ಎತ್ತಿ ಇಲ್ಲಿ ಇಟ್ಟುಕೊಳ್ಳೋಕೆ ಆಗದೇ ಇರುವುದು ಇದಕ್ಕೇ. ನಮ್ಮ ಮೌನವನ್ನು ಅಳೆಯುವ ಕೋಲು ನಾವೇ ಮಾಡಿಕೊಳ್ಳಬೇಕು. ನಿಮ್ಹಾನ್ಸ್ ಇರುವ ಊರಿಗೆ ಇದು ದೊಡ್ಡ ಮಾತಲ್ಲ.

ನನ್ನನ್ನು ಕೇಳಿದರೆ ಮುಂದಿನ ಅಣಕು ಯಾನ ಕನಿಷ್ಠ ನಾಲ್ಕು ತಿಂಗಳು ನಡೆಯಲಿ. ಮೆಸೇಜಿಗೆ ತಡ ಇರಲಿ. ಮುಖ್ಯವಾಗಿ, ಒಳಗಿನವರು ತುಂಬುವ ಕಾಗದವನ್ನೇ ಕಂಟ್ರೋಲ್ ರೂಮಿನಲ್ಲಿ ಪಾಳಿ ಮಾಡುವವರೂ ವಾರವಾರ ತುಂಬಲಿ. ಎಷ್ಟು ಗಂಟೆ ನಿದ್ದೆ ಬಂತು, ಯಾರ ಮೇಲೆ ಸಿಟ್ಟು ಬಂತು, ಆ ಸಿಟ್ಟಿನಲ್ಲಿ ಯಾವ ಮೆಸೇಜು ಹೋಯಿತು. ಕೆಲವು ವಾರಗಳಿಗೆ ಅವರಲ್ಲಿ ಒಬ್ಬಿಬ್ಬರನ್ನು ಡಬ್ಬದೊಳಗೆ ಕೂರಿಸಿದರೂ ತಪ್ಪಿಲ್ಲ. "ಫೋಟೋ ಕಳಿಸಿ" ಅನ್ನುವ ಎರಡು ಪದ ಆ ಕಡೆ ಹೇಗೆ ಕೇಳುತ್ತದೆ ಅಂತ ಒಮ್ಮೆ ಕೇಳಿಸಿಕೊಂಡು ಬರಲಿ. ಖರ್ಚು ಅಂದರೆ ಒಂದಿಷ್ಟು ಕಾಗದ, ಒಂದಿಷ್ಟು ಸಂಕೋಚ.

ಲಾಕ್‌ಡೌನ್ ಆದ ಮರುವರ್ಷ ವಿಜಯನಗರದ ಆ ಮನೆ ಖಾಲಿ ಮಾಡುವ ದಿನ ಬೀಗದ ಕೈ ಕೊಡಲು ಕೆಳಗೆ ಹೋದೆ. ಅಂಕಲ್ ಕೂರಿಸಿ ಕಾಫಿ ಕೊಟ್ಟರು. ಮೋಟರಿನ ಮಾತು ನಾನೇ ತೆಗೆದೆ.

"ಸಂಪಲ್ಲಿ ನೀರು ಎಲ್ಲಿರ್ತಿತ್ತಪ್ಪಾ?" ಅಂದರು. "ಕಾವೇರಿ ಬರ್ತಿದ್ದಿದ್ದೇ ದಿನ ಬಿಟ್ಟು ದಿನ. ಇರೋದನ್ನ ಮೇಲಕ್ಕೆ ಅರ್ಧ, ಕೆಳಗೆ ಅರ್ಧ ಮಾಡ್ತಿದ್ದೆ. ಹೇಳೋಣ ಅಂತ ಎರಡು ಸಲ ಮೇಲೆ ಬಂದೆ. ಒಳಗೆ ನೀವು ಮೂರು ಜನಾನೂ ನನ್ನ ವಿಷಯಾನೇ ಮಾತಾಡ್ತಿದ್ರಿ. ಬೆಲ್ ಮಾಡದೇ ಇಳಿದು ಬಂದೆ."